ಜೇವರ್ಗಿಯಲ್ಲಿ ಪ್ರೋಬ್ ಬದಲಿಸಿದ ಬೇಸಿಗೆ

ಹೋದ ತಿಂಗಳು ಅತ್ತೆಯನ್ನು ಅಫಜಲಪುರದ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಹತ್ತಿಗೆ ಸ್ಪಿರಿಟ್ ಹಚ್ಚಿ ಅತ್ತೆಯ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಬೇರೆಯವರಿಗೆ ಸ್ಪಿರಿಟ್ ಅಂದರೆ ದವಾಖಾನೆ. ನನಗೆ ಅದು ಜೇವರ್ಗಿಯ ಹೊರವಲಯದ ಒಂದು ಕಾರ್ಖಾನೆ, ಅದರ ಮೂಲೆಯಲ್ಲಿದ್ದ ಗಾಜಿನ ಅಳತೆ ಕೋಣೆ, ಮತ್ತು ಒಂದು ಬೇಸಿಗೆ.

ನಾನು ಆಳಂದದವಳು. ಡಿಪ್ಲೊಮಾ ಮುಗಿಸಿ ಜೇವರ್ಗಿಗೆ ಕೆಲಸಕ್ಕೆ ಬಂದಾಗ ಮದುವೆ ಆಗಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ನಮ್ಮ ಕಾರ್ಖಾನೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೂ ನದಿಯಿಂದ ನೀರೆತ್ತುವ ಪಂಪುಗಳಿಗೂ ಬೇಕಾಗುವ ಗೇರ್ ಬಾಕ್ಸ್ ತಯಾರಾಗುತ್ತಿದ್ದವು. ಬೀಡು ಕಬ್ಬಿಣದ ದೊಡ್ಡ ಪೆಟ್ಟಿಗೆ, ಅದಕ್ಕೆ ಕೇಸಿಂಗ್ ಅನ್ನುತ್ತಿದ್ದರು. ಅದರ ಎರಡು ಗೋಡೆಗಳಲ್ಲಿ ಎದುರುಬದುರು ತೂತು ಕೊರೆದು, ತೂತಿನಲ್ಲಿ ಬೇರಿಂಗ್ ಕೂಡಿಸಿ, ನಡುವೆ ಶಾಫ್ಟ್ ಹಾಯಿಸುತ್ತಾರೆ. ತಿರುಗುವಾಗ ಬೇರಿಂಗ್ ಬಿಸಿಯಾಗಿ ಬಿಗಿ ಹಿಡಿದುಕೊಳ್ಳಬಾರದೆಂದರೆ ಎರಡೂ ತೂತು ಒಂದೇ ನೇರಕ್ಕೆ ಇರಬೇಕು. ಇವೆಯೋ ಇಲ್ಲವೋ ಎಂದು ನೋಡುವುದೇ ನಮ್ಮ ಕೆಲಸ.

ಆ ಕೆಲಸಕ್ಕೆ ಒಂದು ಯಂತ್ರವಿತ್ತು, ಎಲ್ಲರೂ ಸಿಎಂಎಂ ಅನ್ನುತ್ತಿದ್ದರು. ಕರಿ ಕಲ್ಲಿನ ದೊಡ್ಡ ಮೇಜು, ಅದರ ಮೇಲೆ ಹಿಂದೆ ಮುಂದೆ ಓಡಾಡುವ ತೋಳು, ತೋಳಿನ ತುದಿಗೆ ಪ್ರೋಬ್. ಪ್ರೋಬ್ ಅಂದರೆ ಯಂತ್ರದ ಬೆರಳು ಅನ್ನಿ. ಹೆಬ್ಬೆರಳಷ್ಟು ದಪ್ಪದ ಒಡಲು, ಅದರಿಂದ ಇಳಿದ ಸಣ್ಣ ಕಡ್ಡಿ, ಕಡ್ಡಿಯ ತುದಿಗೆ ಜೋಳದ ಕಾಳಿಗಿಂತ ಚಿಕ್ಕದಾದ ಕೆಂಪು ಹರಳಿನ ಗುಂಡು. ಆ ಗುಂಡು ಲೋಹವನ್ನು ಮುಟ್ಟಿದ ಕ್ಷಣದಲ್ಲಿ ಯಂತ್ರ ಆ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಹಾಗೆ ಮುಟ್ಟಿ ಮುಟ್ಟಿ ತೂತು ಎಷ್ಟು ದುಂಡಗಿದೆ, ಎಲ್ಲಿದೆ ಎಂದು ಹೇಳುತ್ತದೆ. ಗುಂಡಿಗೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆಂದು ದಿನಾ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆವು.

ಅಲ್ಲಿ ನನಗಿಂತ ಮೇಲಿನವರು ಖಾಸಿಂ ಸಾಬ್ರು. ಭೀಮಾ ದಂಡೆಯ ಮಣ್ಣೂರಿನವರು. ಸೊಲ್ಲಾಪುರದ ಕಾರ್ಖಾನೆಗಳಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಹತ್ತಿರವಾಗಲೆಂದು ಜೇವರ್ಗಿಗೆ ಬಂದಿದ್ದರು. ಹೆಚ್ಚು ಮಾತಿಲ್ಲ. ಸಿಟ್ಟು ಬಂದರೆ ತಮ್ಮಷ್ಟಕ್ಕೆ ಉರ್ದುವಿನಲ್ಲಿ ಗೊಣಗಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆತ್ತಗೆ ಹೇಳುತ್ತಿದ್ದರು. ನನ್ನನ್ನು ಬೇಟಾ ಅನ್ನುತ್ತಿದ್ದರು. ಅಳತೆ ಮಾಡಿದ ಮೇಲೆ ಕೇಸಿಂಗಿನ ಮೂಲೆಗೆ ಮುದ್ರೆ ಹೊಡೆಯುವ ಅಧಿಕಾರ ಅವರದು. ಮುದ್ರೆ ಬಿದ್ದ ಮೇಲೆ ಯಾರೂ ಮತ್ತೆ ಕೇಳುತ್ತಿರಲಿಲ್ಲ.

ಆ ವರ್ಷ ಯುಗಾದಿಗೂ ಮೊದಲೇ ಬಿಸಿಲು ಏರಿತು. ಕಾರ್ಖಾನೆಯ ತಗಡಿನ ಕೆಳಗೆ ನಿಂತವರಿಗೆ ತಲೆ ಸುತ್ತುತ್ತಿತ್ತು. ಕರೆಂಟ್ ಮೇಲಿಂದ ಮೇಲೆ ಹೋಗುತ್ತಿತ್ತು. ಅಳತೆ ಕೋಣೆಗೆ ಎ.ಸಿ. ಇತ್ತು, ಯಂತ್ರಕ್ಕಾಗಿ, ನಮಗಾಗಿ ಅಲ್ಲ. ಆದರೂ ತಂಪು ಬೇಕಾದವರು ಏನಾದರೊಂದು ನೆಪ ಹೇಳಿ ಒಳಗೆ ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವನು ಸಿದ್ರಾಮ.

ಸಿದ್ರಾಮ ಅತನೂರಿನವನು, ಫಿಟ್ಟರ್. ತಯಾರಾದ ಗೇರ್ ಬಾಕ್ಸನ್ನು ಟೆಸ್ಟ್ ಶೆಡ್ಡಿನಲ್ಲಿ ಓಡಿಸಿ ನೋಡುವುದು ಅವನ ಕೆಲಸ. ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಕಂಡಕ್ಟರನ ದನಿಯಲ್ಲಿ ಅಫಜಲಪುರದಿಂದ ಜೇವರ್ಗಿಯ ತನಕ ಒಂದೊಂದೇ ಊರಿನ ಹೆಸರು ಕೂಗುತ್ತ ಖಾಸಿಂ ಸಾಬರನ್ನು ನಗಿಸುತ್ತಿದ್ದ. ಅವರು ನಗುವುದನ್ನು ನಾನು ಕಂಡದ್ದು ಅವನೆದುರಿಗೆ ಮಾತ್ರ. ಮನೆಯಲ್ಲಿ ಹೆಂಡತಿ ಗೌರಮ್ಮ, ಆಗಷ್ಟೇ ನಡೆಯಲು ಕಲಿತ ಮಗಳು, ತಾಯಿ.

ಬೇಸಿಗೆಯ ನಡುವೆ ಒಂದು ದಿನ, ಎರಡನೇ ಪಾಳಿಯಲ್ಲಿ, ಕರೆಂಟ್ ಹೋಗಿ ಬಂತು. ಯಂತ್ರವನ್ನು ಮತ್ತೆ ಚಾಲು ಮಾಡಿದವರು ತೋಳನ್ನು ಎತ್ತುವ ಮೊದಲೇ ಪಕ್ಕಕ್ಕೆ ಸರಿಸಿದರು. ಪ್ರೋಬ್ ಹೋಗಿ ಕೇಸಿಂಗಿನ ಗೋಡೆಗೆ ಬಡಿಯಿತು. ಕಡ್ಡಿ ಬಾಗಿತು, ಹರಳು ಉದುರಿತು. ಬೆಳಿಗ್ಗೆ ನಾವು ಬಂದು ಹೊಸ ಕಡ್ಡಿ ಹಾಕಿದೆವು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಿತ್ತು. ಆದರೆ ಖಾಸಿಂ ಸಾಬರಿಗೆ ಸಮಾಧಾನವಾಗಲಿಲ್ಲ. ಒಂದೇ ತೂತನ್ನು ಅಳೆದು, ಕೇಸಿಂಗನ್ನು ತಿರುಗಿಸಿಟ್ಟು ಮತ್ತೆ ಅಳೆದರು. ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು. ಪ್ರೋಬಿನ ಒಡಲೊಳಗೇ ಪೆಟ್ಟಾಗಿದೆ, ಹೊಸದು ತರಿಸಬೇಕು ಎಂದು ಅವರು ಸಾವಕಾರರಿಗೆ ನನ್ನೆದುರಿಗೇ ಹೇಳಿದರು. ಸಾವಕಾರರು, ಅಂದರೆ ನಮ್ಮ ಕಾರ್ಖಾನೆಯ ಮಾಲೀಕರು, ಕೆಟ್ಟ ಮನುಷ್ಯರೇನಲ್ಲ. ಈಗಿನ ಆರ್ಡರ್ ಹೋಗಲಿ, ಆಮೇಲೆ ತರಿಸೋಣ ಅಂದರು.

ಅಲ್ಲಿಂದ ಮುಂದೆ ಖಾಸಿಂ ಸಾಬ್ರು ಪ್ರತಿಯೊಂದನ್ನೂ ತಿರುಗಿಸಿ ಎರಡು ಸಲ ಅಳೆದು, ಎರಡೂ ನೋಡಿ ಮುದ್ರೆ ಹೊಡೆಯುತ್ತಿದ್ದರು. ಅದು ಸಣ್ಣ ಕೇಸಿಂಗಿಗೆ ನಡೆಯಿತು. ಆ ಆರ್ಡರಿನಲ್ಲಿದ್ದ ದೊಡ್ಡ ಕೇಸಿಂಗ್ ಮಾತ್ರ ಮೇಜಿನ ಮೇಲೆ ಒಂದೇ ರೀತಿಯಲ್ಲಿ ಕೂರುತ್ತಿತ್ತು. ತಿರುಗಿಸಲು ಜಾಗವಿರಲಿಲ್ಲ. ಅದನ್ನು ಅಳೆದು, ಬಹಳ ಹೊತ್ತು ಅದರ ಮುಂದೆ ನಿಂತಿದ್ದು, ಕೊನೆಗೆ ಮುದ್ರೆ ಹೊಡೆದರು.

ಅದೇ ವಾರ ಆ ಗೇರ್ ಬಾಕ್ಸನ್ನು ಟೆಸ್ಟ್ ಶೆಡ್ಡಿನಲ್ಲಿ ಓಡಿಸಿದರು. ಸುಟ್ಟ ಗ್ರೀಸಿನ ವಾಸನೆ ಬಂದಿತಂತೆ. ಎಲ್ಲಿ ಬಿಸಿಯಾಗುತ್ತಿದೆ ಎಂದು ನೋಡಲು ಸಿದ್ರಾಮ ತಿರುಗುವ ಜಾಗದ ಮೇಲಿನ ಜಾಲರಿ ತೆಗೆದು ಬಗ್ಗಿದ. ಆಗಲೇ ಬೇರಿಂಗ್ ಹಿಡಿದುಕೊಂಡಿತು. ಶಾಫ್ಟ್ ಗಕ್ಕನೆ ನಿಂತು, ಅದನ್ನು ಮೋಟಾರಿಗೆ ಜೋಡಿಸಿದ್ದ ಕಪ್ಲಿಂಗ್ ಒಡೆದು, ಅದರ ಒಂದು ಚೂರು ಅವನ ಎದೆಗೆ ಬಡಿಯಿತು. ಆ ಸದ್ದಿಗೆ ನಮ್ಮ ಕೋಣೆಯ ಗಾಜು ನಡುಗಿತು. ನಾವು ಓಡಿಹೋಗುವಷ್ಟರಲ್ಲಿ ಅವನನ್ನು ಗಾಡಿಗೆ ಹಾಕುತ್ತಿದ್ದರು. ಖಾಸಿಂ ಸಾಬ್ರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಗಾಡಿ ಹತ್ತಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಲಬುರಗಿ ಮುಟ್ಟುವ ಮೊದಲೇ ಸಿದ್ರಾಮ ಹೋಗಿಬಿಟ್ಟ.

ಆಮೇಲಿನ ದಿನಗಳಲ್ಲಿ ಕಾರ್ಖಾನೆಯಲ್ಲಿ ಎರಡು ಮಾತು ಹಬ್ಬಿದವು. ಜಾಲರಿ ತೆಗೆದದ್ದು ಅವನ ತಪ್ಪು ಎನ್ನುವುದು ಒಂದು. ಮುದ್ರೆ ಹೊಡೆದವರು ಖಾಸಿಂ ಸಾಬ್ರು ಎನ್ನುವುದು ಇನ್ನೊಂದು. ವಿಚಾರಿಸಲು ಬಂದ ಅಧಿಕಾರಿಗಳೆದುರು ಸಾವಕಾರರು ಮೊದಲನೆಯದನ್ನು ಹೇಳಿದರು. ಒಳಗೊಳಗೆ ಎರಡನೆಯದನ್ನು ನಂಬಿ ಖಾಸಿಂ ಸಾಬರಿಗೆ ಸ್ವಲ್ಪ ದಿನ ಊರಲ್ಲಿರಿ ಎಂದು ಹೇಳಿ ಕಳಿಸಿದರು. ಖಾಸಿಂ ಸಾಬ್ರು ತಮ್ಮ ಡಬ್ಬಿ, ಟವೆಲ್ ತೆಗೆದುಕೊಂಡು ಹೋದರು. ಗೇರ್ ಬಾಕ್ಸ್ ಕೊಳ್ಳುವವರು ಮಾತ್ರ ಪಟ್ಟು ಹಿಡಿದರು. ಹೊಸ ಪ್ರೋಬ್ ಹಾಕಿ, ಅದು ಸರಿಯಿದೆಯೆಂದು ತೋರಿಸಿದ ಮೇಲೆಯೇ ಮುಂದಿನ ಆರ್ಡರ್ ಅಂದರು. ಯಾವುದನ್ನು ತರಿಸಬೇಕೆಂದು ನೋಡಿ ಹೇಳುವ ಕೆಲಸ ನನ್ನ ಮೇಲೆ ಬಿತ್ತು.

ಪ್ರೋಬ್ ಮಾರುವವರು ಪುಣೆಯಿಂದ ಒಬ್ಬರು, ಬೆಂಗಳೂರಿನಿಂದ ಒಬ್ಬರು ಬಂದು, ನಾವು ನೋಡಲೆಂದು ಮೂರು ಬಗೆಯದನ್ನು ಬಿಟ್ಟುಹೋದರು. ಒಂದು ನಮ್ಮ ಹಳೆಯದರಂಥದ್ದೇ, ಅಗ್ಗದ್ದು. ಇನ್ನೊಂದು ಎಷ್ಟು ಸೂಕ್ಷ್ಮವೆಂದರೆ ಗಾಳಿ ಸೋಕಿದರೂ ಮುಟ್ಟಿತು ಅನ್ನುವಂತಿತ್ತು. ಮೂರನೆಯದು ಸೂಕ್ಷ್ಮತೆಯಲ್ಲಿ ಅದಕ್ಕಿಂತ ಒಂದು ಕೂದಲೆಳೆ ಕಡಿಮೆ, ಆದರೆ ಅದರ ತಲೆಯನ್ನು ಒಡಲಿಗೆ ಅಯಸ್ಕಾಂತ ಮಾತ್ರ ಹಿಡಿದುಕೊಂಡಿತ್ತು. ಎಲ್ಲಾದರೂ ಬಡಿದರೆ ತಲೆ ಕಳಚಿ ಬೀಳುತ್ತದೆ, ಒಳಗೆ ಪೆಟ್ಟಾಗುವುದಿಲ್ಲ.

ಅಳತೆ ಸರಿಯಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಉಕ್ಕಿನ ಬಳೆ ಇತ್ತು. ಅದು ಪೂರಾ ದುಂಡಗಿದೆ ಎಂದು ಮೊದಲೇ ಖಾತ್ರಿ ಮಾಡಿದ್ದು. ಮೂರೂ ಪ್ರೋಬಿನಿಂದ ಅದನ್ನು ಅಳೆದೆ. ಕೊನೆಗೆ ಹಳೆಯ ಪ್ರೋಬನ್ನೂ ಹಾಕಿ ಬಳೆಯ ಒಳಗೆ ಸುತ್ತಲೂ ಮುಟ್ಟಿಸಿದೆ. ಪರದೆಯ ಮೇಲೆ ದುಂಡು ಬರಲಿಲ್ಲ. ಒಂದು ಮಗ್ಗುಲು ಒಳಗೆ ಕುಸಿದಿತ್ತು. ಮತ್ತೆ ಒರೆಸಿ ಅಳೆದೆ. ಹಾಗೇ ಬಂತು. ಪ್ರೋಬಿನ ಒಳಗೆ ಕಡ್ಡಿ ಮೂರು ಪುಟ್ಟ ಆಸರೆಗಳ ಮೇಲೆ ಕೂತಿರುತ್ತದೆ. ಬಡಿದಾಗ ಅದರಲ್ಲಿ ಒಂದು ಆಸರೆ ನಜ್ಜಾಗಿತ್ತು. ಹಾಗಾಗಿ ಉಳಿದ ದಿಕ್ಕುಗಳಿಂದ ಮುಟ್ಟಿದರೆ ಲೆಕ್ಕ ಸರಿ, ಆ ಒಂದು ದಿಕ್ಕಿನಿಂದ ಮುಟ್ಟಿದರೆ ತಪ್ಪು.

ಒಡೆದ ಗೇರ್ ಬಾಕ್ಸಿನ ಕೇಸಿಂಗ್ ಇನ್ನೂ ಶೆಡ್ಡಿನ ಹಿಂದೆ ತಾಡಪತ್ರಿಯ ಕೆಳಗೆ ಬಿದ್ದಿತ್ತು. ಅದರ ಗೋಡೆ, ತೂತುಗಳಿಗೆ ಏನೂ ಆಗಿರಲಿಲ್ಲ. ಕ್ರೇನಿನವರಿಗೆ ಹೇಳಿ ಅದನ್ನು ಒಳಗೆ ತರಿಸಿದೆ. ಹಳೆಯ ಪ್ರೋಬಿನಿಂದ ಅಳೆದರೆ ಎರಡೂ ತೂತು ಒಂದೇ ನೇರಕ್ಕಿದ್ದವು. ಹೊಸದರಿಂದ ಅಳೆದರೆ ಇರಲಿಲ್ಲ. ಜಾಲರಿ ತೆಗೆಯದಿದ್ದರೂ, ತೆಗೆದಿದ್ದರೂ, ಆ ಬೇರಿಂಗ್ ಹಿಡಿದುಕೊಳ್ಳಲೇಬೇಕಿತ್ತು. ಸಿದ್ರಾಮ ಅದನ್ನು ಕಂಡುಹಿಡಿಯಲೆಂದೇ ಬಗ್ಗಿದ್ದ.

ಸಾವಕಾರರನ್ನು ಕರೆದು ಎರಡೂ ಅಳತೆ ತೋರಿಸಿದೆ. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ಆ ಬೇಸಿಗೆಯಲ್ಲಿ ಅವರೂ ಸೊರಗಿದ್ದರು. ಕಡೆಗೆ, ಯಾವ ಪ್ರೋಬ್ ಒಳ್ಳೆಯದು ಎಂದು ಕೇಳಿದರು. ಅಯಸ್ಕಾಂತದ್ದು ಅಂದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಯಾಕೆ ಬೇಡ ಎಂದು ಕೇಳಿದರು. ಅದು ಮಾರುವವರ ಊರಿನ ತಂಪು ಕೋಣೆಯಲ್ಲಿ ಸರಿ, ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಒಂದಲ್ಲ ಒಂದು ದಿನ ಬಡಿಯುತ್ತದೆ, ಬಡಿದ ಮೇಲೂ ಸುಮ್ಮನೆ ಕೆಲಸ ಮಾಡುತ್ತ ಹೋಗುವ ಪ್ರೋಬ್ ನಮಗೆ ಬೇಡ ಅಂದೆ.

"ಆಯ್ತು, ಅದನ್ನೇ ತರ್ಸೂಣು," ಅಂದರು. ಬಾಗಿಲ ತನಕ ಹೋಗಿ ನಿಂತರು. "ಉಳದದ್ದು ಇಲ್ಲಿಗೇ ಬಿಡು ತಂಗಿ. ಹೋದಾಂವ ಬರಂಗಿಲ್ಲ."

ಮುಂದಿನ ಭಾನುವಾರ ನಾನು ಮಣ್ಣೂರಿಗೆ ಹೋದೆ. ಭೀಮಾ ನದಿ ಬತ್ತಿ ಅಲ್ಲಲ್ಲಿ ಮಡು ಮಾತ್ರ ಉಳಿದಿತ್ತು. ಖಾಸಿಂ ಸಾಬ್ರು ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಮಂಚದ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ನಾನು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದೆ. ಬಳೆ ಅಳೆದದ್ದು, ಕೇಸಿಂಗ್ ತರಿಸಿದ್ದು, ಹಳೆಯ ಪ್ರೋಬ್ ಸುಳ್ಳು ಲೆಕ್ಕ ತೋರಿಸಿದ್ದು. ನಿಮ್ಮ ತಪ್ಪಿಲ್ಲ ಸಾಬ್ರ, ಯಂತ್ರ ತೋರಿಸಿದ್ದನ್ನು ನೀವು ಸರಿಯಾಗಿಯೇ ಓದಿದ್ದೀರಿ ಅಂದೆ. ಅವರ ಮುಖ ಹಗುರಾದೀತು ಎಂದು ಕಾಯುತ್ತಿದ್ದೆ.

"ಅದು ನನಗ ಗೊತ್ತಿತ್ತು ಬೇಟಾ," ಅಂದರು. "ಪ್ರೋಬ್ ಕೆಟ್ಟದ ಅಂತ ಸಾವ್ಕಾರ್ರಿಗೆ ಹೇಳ್ದಾಂವ ನಾನೇ. ಆ ದೊಡ್ಡ ಕೇಸಿಂಗ್ ತಿರುಗ್ಸಿ ನೋಡ್ಲಿಕ್ಕಿ ಆಗಂಗಿಲ್ಲ ಅಂತನೂ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಮುದ್ರಿ ಹೊಡ್ದೆ. ಹೊಡಿಯಂಗಿಲ್ಲ ಅಂದಿದ್ರ ಏನು, ನೌಕ್ರಿ ಹೋಗ್ತಿತ್ತು. ಈಗೂ ಹೋತಲ್ಲ."

ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಹೊಸದು ಯಾವುದು ತರಿಸುತ್ತೀರಿ ಎಂದು ಖಾಸಿಂ ಸಾಬ್ರು ಕೇಳಿದರು. ಅಯಸ್ಕಾಂತದ ಪ್ರೋಬಿನ ಬಗ್ಗೆ ಹೇಳಿದೆ. ಚಲೋ ಮಾಡಿದಿ ಅಂದರು. ಆಮೇಲೆ, ಸಿದ್ರಾಮನ ಮನೆಗೆ ಯಾರಾದರೂ ಹೋಗಿದ್ದರೇ ಎಂದು ಕೇಳಿದರು. ಮಣ್ಣು ಮಾಡಿದ ದಿನ ಎಲ್ಲರೂ ಹೋಗಿದ್ದೆವು, ಆಮೇಲೆ ಯಾರೂ ಹೋಗಿಲ್ಲ ಅಂದೆ. ಅವರು ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

ಅಫಜಲಪುರಕ್ಕೆ ಬಂದು, ಅತನೂರಿನ ಬಸ್ ಹಿಡಿದೆವು. ಬಿಸಿ ಗಾಳಿಗೆ ಕಿಟಕಿ ಮುಚ್ಚಿದರೂ ಧೂಳು ಒಳಗೆ ಬರುತ್ತಿತ್ತು. ಸಿದ್ರಾಮನ ಮನೆ ಊರ ಅಂಚಿಗೆ. ಗೌರಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅವಳ ಅತ್ತೆ ಮೂಲೆಯಲ್ಲಿ ಮಲಗಿದ್ದರು. ನಮ್ಮನ್ನು ಕಂಡು ಗೌರಮ್ಮ ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ನನ್ನದೇ ವಯಸ್ಸಿನವಳು.

ಖಾಸಿಂ ಸಾಬ್ರು ನೀರು ಮುಟ್ಟಲಿಲ್ಲ. ನೇರ ಹೇಳಿದರು. ಅಳೆಯುವ ಸಾಮಾನು ಕೆಟ್ಟಿತ್ತು, ನನಗೆ ಗೊತ್ತಿತ್ತು, ಆದರೂ ಸರಿಯಿದೆ ಎಂದು ಮುದ್ರೆ ಹೊಡೆದೆ, ನಿನ್ನ ಗಂಡ ಅದನ್ನು ನಂಬಿ ಓಡಿಸಿದ ಅಂದರು.

ಗೌರಮ್ಮ ಮೊರದ ಮೇಲಿನ ಕೈ ತೆಗೆದಳು. ಜಾಲರಿ ತೆಗೆದದ್ದರಿಂದ ಸತ್ತ ಎಂದು ಕಾರ್ಖಾನೆಯವರು ಹೇಳಿ ಹೋಗಿದ್ದಾರಲ್ಲ ಎಂದು ಕೇಳಿದಳು. ಊರಲ್ಲಿಯೂ ಅದೇ ಮಾತು, ಬಾವಿಗೆ ಹೋದರೆ ಅದೇ, ನೆಂಟರು ಬಂದರೆ ಅದೇ, ತಾನೇ ಹೋಗಿ ಮೈಮೇಲೆ ಎಳೆದುಕೊಂಡ ಅನ್ನುತ್ತಾರೆ ಅಂದಳು. ಅದು ಸುಳ್ಳು ಎಂದು ನಾನು ಹೇಳಿದೆ. ಎರಡು ತೂತು ಒಂದೇ ನೇರಕ್ಕಿರಲಿಲ್ಲ, ಅದಕ್ಕೇ ಬಿಸಿಯಾಯಿತು, ಬಿಸಿಯಾದದ್ದನ್ನು ನೋಡುವುದು ಅವನ ಕೆಲಸವೇ ಆಗಿತ್ತು ಅಂದೆ.

"ಎಷ್ಟು ಫರಕ್ ಇತ್ರಿ?" ಎಂದು ಕೇಳಿದಳು.

ಖಾಸಿಂ ಸಾಬ್ರು ನನ್ನ ಕಡೆ ನೋಡಿದರು. ನನ್ನ ಜಡೆಯ ತುದಿ ಹಿಡಿದು ಒಂದೇ ಒಂದು ಕೂದಲು ಬಿಡಿಸಿ ತೋರಿಸಿದೆ. ಇದರ ದಪ್ಪದಷ್ಟು ಅಂದೆ.

ಅವಳು ಆ ಕೂದಲನ್ನು ನೋಡಿದಳು. "ಅಷ್ಟಕ್ಕ?" ಅಂದಳು.

ಮೂಲೆಯಲ್ಲಿ ಮಲಗಿದ್ದ ಮುದುಕಿ ಅಳಲು ಶುರು ಮಾಡಿತು. ಗೌರಮ್ಮ ಅಳಲಿಲ್ಲ. ಮಗಳು ಒಳಗಿನಿಂದ ಎದ್ದು ಬಂದು ಅವಳ ಸೆರಗು ಹಿಡಿದುಕೊಂಡಿತು. ಅದರ ಕೈ ಬಿಡಿಸಿ ಅವಳು ಖಾಸಿಂ ಸಾಬರಿಗೆ ಕೈ ಮುಗಿದಳು. "ಬಂದು ಹೇಳಿದ್ರಿ, ಚಲೋ ಆತು. ಇನ್ನ ಈ ಮನಿಗಿ ಬರಬ್ಯಾಡ್ರಿ. ನಿಮ್ಮ ಮಾರಿ ನೋಡ್ಲಿಕ್ಕಿ ನನ್ನಿಂದ ಆಗಂಗಿಲ್ಲ," ಅಂದಳು. ಖಾಸಿಂ ಸಾಬ್ರು ಹೌದು ಎನ್ನುವಂತೆ ತಲೆಯಾಡಿಸಿ ಎದ್ದರು.

ಮೊದಲ ಮಳೆ ಬಿದ್ದ ವಾರ ಹೊಸ ಪ್ರೋಬ್ ಬಂತು. ಬೇಕೆಂದೇ ಒಂದು ಸಲ ಅದನ್ನು ಮೆಲ್ಲಗೆ ಮರದ ತುಂಡಿಗೆ ಬಡಿಸಿ ನೋಡಿದೆ. ತಲೆ ಕಳಚಿ ಬಿತ್ತು. ಎತ್ತಿ ಹಚ್ಚಿ ಉಕ್ಕಿನ ಬಳೆ ಅಳೆದರೆ ಪರದೆಯ ಮೇಲೆ ಪೂರಾ ದುಂಡು. ಕೊಳ್ಳುವವರು ಬಂದು ನೋಡಿ ಒಪ್ಪಿಕೊಂಡು ಹೋದರು. ಕಾರ್ಖಾನೆ ಮತ್ತೆ ಮೊದಲಿನಂತೆ ನಡೆಯಿತು. ಸಿದ್ರಾಮನ ಜಾಗಕ್ಕೆ ಬೇರೆ ಫಿಟ್ಟರ್ ಬಂದ. ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುವವರು ಯಾರೂ ಇರಲಿಲ್ಲ.

ಗೌರಮ್ಮ ಸುಮ್ಮನೆ ಕೂರಲಿಲ್ಲ. ಅಣ್ಣನನ್ನು ಕರೆದುಕೊಂಡು ಕಲಬುರಗಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ತನ್ನ ಗಂಡನ ಸಾವಿನ ವಿಚಾರಣೆ ಸರಿಯಾಗಿ ಆಗಬೇಕೆಂದು ಅರ್ಜಿ ಕೊಟ್ಟಳು. ಖಾಸಿಂ ಸಾಬರಿಗೂ ನನಗೂ ಹೇಳಿಕೆ ಕೊಡಲು ಕರೆ ಬಂತು. ಅದು ಗೊತ್ತಾದ ದಿನ ಸಾವಕಾರರು ನನ್ನನ್ನು ಕರೆದು, ನೀನು ಹೋಗಿ ಹೇಳಿದರೆ ಇಲ್ಲಿ ಮತ್ತೆ ಬರಲಾಗುವುದಿಲ್ಲ ಎಂದು ಮೆತ್ತಗೇ ತಿಳಿಸಿದರು. ಆಳಂದದಿಂದ ಅಪ್ಪ ಫೋನಿನಲ್ಲಿ, ನಿನಗ್ಯಾಕೆ ಅವರ ಉಸಾಬರಿ ಅಂದರು. ಕೋಣೆಯಲ್ಲಿ ಒಬ್ಬಳೇ ಕೂತು ಹೆದರಿದ್ದು ನಿಜ. ಆದರೆ ಆ ಎರಡು ಅಳತೆಯನ್ನು ಮಾಡಿದವಳು ನಾನೊಬ್ಬಳೇ. ಹೋದೆ.

ವಿಚಾರಣೆ ಸಣ್ಣ ಕೋಣೆಯಲ್ಲಿ ನಡೆಯಿತು. ಮುಂದೆ ಅಧಿಕಾರಿ, ಒಂದು ಕಡೆ ಸಾವಕಾರರು ಮತ್ತು ಅವರ ವಕೀಲರು, ಹಿಂದೆ ಬೆಂಚಿನ ಮೇಲೆ ಗೌರಮ್ಮ, ಅವಳ ಅಣ್ಣ, ಮಗಳು. ನಾನು ಕಂಡದ್ದನ್ನು ಹೇಳಿದೆ. ಆಮೇಲೆ ಖಾಸಿಂ ಸಾಬರನ್ನು ಕರೆದರು. ಅವರು ಗಡ್ಡ ತೆಗೆಸಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪ್ರೋಬ್ ಕೆಟ್ಟದ್ದು ಗೊತ್ತಿತ್ತೇ ಎಂದು ವಕೀಲರು ಕೇಳಿದರು. ಹೌದ್ರಿ ಅಂದರು. ಗೊತ್ತಿದ್ದೂ ಮುದ್ರೆ ಹೊಡೆದಿರಾ ಎಂದು ಕೇಳಿದರು. ತಪ್ಪು ನನ್ನೊಬ್ಬನದೇ ಎಂದು ಖಾಸಿಂ ಸಾಬರ ಬಾಯಿಂದಲೇ ಹೇಳಿಸುವುದು ವಕೀಲರಿಗೆ ಬೇಕಿತ್ತು.

"ಹೌದ್ರಿ, ಹೊಡ್ದೇನಿ," ಅಂದರು ಖಾಸಿಂ ಸಾಬ್ರು. "ಪ್ರೋಬ್ ಕೆಟ್ಟದ ಅಂತ ಸಾವ್ಕಾರ್ರಿಗೂ ಹೇಳ್ದೇನಿ. ನಮ್ಮಿಬ್ಬರಿಗೂ ಗೊತ್ತಿತ್ತು. ಗೊತ್ತಿಲ್ದಾಂವ ಸಿದ್ರಾಮ ಒಬ್ಬನೇ."

ಸಾವಕಾರರು ತಲೆ ತಗ್ಗಿಸಿ ಕೂತಿದ್ದರು. ಇಲ್ಲ ಅನ್ನಲಿಲ್ಲ.

ತೀರ್ಮಾನ ಬರುವ ಹೊತ್ತಿಗೆ ತೊಗರಿ ಹೂವಾಗಿತ್ತು. ನನ್ನ ಆ ಕೆಲಸ ಹೋಗಿತ್ತು. ಖಾಸಿಂ ಸಾಬರನ್ನು ಯಾರೂ ಮತ್ತೆ ಅಳತೆ ಕೆಲಸಕ್ಕೆ ಕರೆಯಲಿಲ್ಲ, ಅವರೂ ಕೇಳಿಕೊಂಡು ಹೋಗಲಿಲ್ಲ. ಆ ದಿನ ಮತ್ತೆ ಅದೇ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಅಧಿಕಾರಿ ಓದಿದ್ದರಲ್ಲಿ ಅರ್ಧಕ್ಕರ್ಧ ಕಾಯಿದೆಯ ಭಾಷೆ, ನಮಗೇ ಅರ್ಥವಾಗಲಿಲ್ಲ. ಓದಿ ಮುಗಿಸಿ ಅವರು ಏಳುವಷ್ಟರಲ್ಲಿ ಗೌರಮ್ಮ ಹಿಂದಿನಿಂದ ಎದ್ದು ನಿಂತಳು. ನನ್ನ ಗಂಡನ ಬಗ್ಗೆ ಬರೆದದ್ದು ಎಲ್ಲಿದೆಯೋ ಅಷ್ಟನ್ನು ಸಾದಾ ಕನ್ನಡದಲ್ಲಿ ಇನ್ನೊಮ್ಮೆ ಹೇಳಿರಿ ಎಂದು ಕೇಳಿದಳು. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಹಾಳೆ ತಿರುವಿದರು. ಸಿದ್ರಾಮ ತನ್ನ ಕೆಲಸವನ್ನು ಮಾಡಬೇಕಾದಂತೆಯೇ ಮಾಡುತ್ತಿದ್ದ, ಆದದ್ದರಲ್ಲಿ ಅವನ ತಪ್ಪು ಏನೂ ಇಲ್ಲ ಎಂದು ಹೇಳಿದರು.

ಗೌರಮ್ಮ ಅದನ್ನು ನಿಂತುಕೊಂಡೇ ಕೇಳಿದಳು. ಪಕ್ಕದಲ್ಲಿದ್ದ ಅಣ್ಣನಿಗೆ, ಕೇಳಿಸಿಕೊಂಡೆಯಲ್ಲ, ಊರಲ್ಲಿ ಹೀಗೇ ಹೇಳು ಅಂದಳು. ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ನಮ್ಮ ಮುಂದಿನಿಂದಲೇ ಹಾಯ್ದು, ನನ್ನನ್ನಾಗಲಿ ಖಾಸಿಂ ಸಾಬರನ್ನಾಗಲಿ ನೋಡದೆ ಮೆಟ್ಟಿಲಿಳಿದು ಹೋದಳು.